ತೊಳೆದು ಕೊಲ್ಲುವ ಕೊಳಗಳು

ತಳ ಕಾಣುವಷ್ಟು ನೀರು ತಿಳಿಯಾಗಿದ್ದರೆ ಕೊಳದೊಳಗಿನ ಮೀನು ಸುಖವಾಗಿದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಈ ನಂಬಿಕೆ ತಪ್ಪು. ಕೈತೋಟದ ಕೊಳಗಳಲ್ಲಿ ಲೆಕ್ಕವಿಲ್ಲದಷ್ಟು ಮೀನುಗಳು ಸಾಯುತ್ತಿರುವುದು ಇದರಿಂದಲೇ. ಹೊಸ ಕೊಳಕ್ಕೆ ಬಿಟ್ಟ ಮೀನು ವಾರದೊಳಗೆ ಹೊಟ್ಟೆ ಮೇಲೆ ಮಾಡಿ ತೇಲಿದಾಗ ಮನೆಯವರ ಬಾಯಿಂದ ಮೂರು ಮಾತು ಬರುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟ. ನೀರು ಕೊಳೆಯಾಗಿತ್ತು, ಬೇಗ ತೊಳೆಸಬೇಕಿತ್ತು. ಮನೆಗೆ ಬರಬೇಕಿದ್ದ ಕೇಡನ್ನು ಪಾಪ ಮೀನು ತನ್ನ ಮೇಲೆ ಎಳೆದುಕೊಂಡು ಹೋಯಿತು. ಮೊದಲನೆಯದು ಕೆಲವು ಸಲ ನಿಜ, ಎರಡನೆಯದು ಬಹುತೇಕ ಸುಳ್ಳು. ಮೂರನೆಯದರ ಬಗ್ಗೆ ಮುಂದೆ ಹೇಳುತ್ತೇನೆ, ಏಕೆಂದರೆ ಮೂರರಲ್ಲಿ ಅತಿ ಹೆಚ್ಚು ಕೇಡು ಮಾಡಿರುವುದು ಅದೇ.

ಕೊಳ ಹುಟ್ಟುವ ರೀತಿಯನ್ನೇ ನೋಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹೊಸ ಮನೆ ಕಟ್ಟಿಸುವವರ ಪಟ್ಟಿಯಲ್ಲಿ ಕೊಳ ಕೊನೆಯ ಕೆಲಸ. ಬಣ್ಣ ಬಳಿದು, ಗೇಟು ಕೂರಿಸಿ, ಹುಲ್ಲು ಹಾಸಿದ ಮೇಲೆ ಉಳಿದ ಮೂಲೆಯಲ್ಲಿ ಒಂದು ಗುಂಡಿ, ಸಿಮೆಂಟು, ನೀಲಿ ಟೈಲ್ಸು, ಒಂದು ಕಾರಂಜಿ. ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಟ್ಯಾಂಕರ್ ನೀರು ತುಂಬಿಸುತ್ತಾರೆ. ಹಿಂದಿನ ದಿನ ಸಂಜೆ ಹತ್ತೋ ಹನ್ನೆರಡೋ ಕೊಯಿ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ನೆಂಟರು ನೋಡುತ್ತಾರೆ, ಮಕ್ಕಳು ಮಂಡಕ್ಕಿ ಎಸೆಯುತ್ತಾರೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ. ಆ ನೀರು ನೋಡಲು ಬಹಳ ತಿಳಿ. ಮೀನಿನ ಪಾಲಿಗೆ ಅದಕ್ಕಿಂತ ಅಪಾಯದ ನೀರು ಸಿಗುವುದು ಕಷ್ಟ.

ಏಕೆಂದು ಹೇಳಬೇಕು. ಮೀನು ತಿಂದ ಆಹಾರದಲ್ಲಿನ ಪ್ರೊಟೀನು ಕೊನೆಗೆ ಅಮೋನಿಯಾ ಆಗಿ ಹೊರಬೀಳುತ್ತದೆ. ಅದರ ಹೆಚ್ಚಿನ ಪಾಲು ಹೊರಹೋಗುವುದು ಕಿವಿರಿನ ಮೂಲಕ, ಅಂದರೆ ಮೀನು ಉಸಿರಾಡುತ್ತಿರುವಷ್ಟು ಹೊತ್ತೂ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ತಿನ್ನದೆ ಬಿಟ್ಟ ಮಂಡಕ್ಕಿ, ಉದುರಿದ ಎಲೆ, ಹಿಕ್ಕೆ ಎಲ್ಲವೂ ಕೊಳೆತು ಅದಕ್ಕೆ ಇನ್ನಷ್ಟು ಕೂಡಿಸುತ್ತವೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವ ಪ್ರಮಾಣದಲ್ಲಿ ಇದ್ದಾಗಲೂ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಕೆರೆಯಲ್ಲಿ, ಹೊಳೆಯಲ್ಲಿ ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಗಿಡಗಳ ಬೇರು ಹೀರಿಕೊಳ್ಳುತ್ತದೆ. ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಜೂರಿಕ್‌ನಲ್ಲಿ ಕುಳಿತು ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ನೂರ ಮೂವತ್ತು ವರ್ಷ ಹಳೆಯ ಈ ಅರಿವು ಇವತ್ತಿಗೂ ನಮ್ಮ ಕೊಳ ಕಟ್ಟುವವರನ್ನು, ಮೀನು ಮಾರುವವರನ್ನು ತಲುಪಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡು ಇರುವುದು ಕಡಿಮೆ. ಕಲ್ಲಿನ ಮೇಲೆ, ಗೋಡೆಯ ಮೇಲೆ, ಬೇರಿನ ಮೇಲೆ, ಫಿಲ್ಟರಿನ ಸ್ಪಂಜಿನೊಳಗೆ ತೆಳುವಾದ ಲೋಳೆಯ ಪದರವಾಗಿ ಅಂಟಿಕೊಂಡು ಬದುಕುತ್ತವೆ. ಬೆಳೆಯುವುದೂ ಬಲು ನಿಧಾನ. ನಮ್ಮ ಹವೆಯಲ್ಲಿ ಹೊಸ ಕೊಳವೊಂದು ಈ ಬಳಗವನ್ನು ಕಟ್ಟಿಕೊಳ್ಳಲು ನಾಲ್ಕರಿಂದ ಆರು ವಾರ, ಚಳಿಗಾಲದಲ್ಲಾದರೆ ಇನ್ನೂ ಹೆಚ್ಚು ದಿನ ಬೇಕು. ಅಷ್ಟರೊಳಗೆ ಹನ್ನೆರಡು ಮೀನು ಬಿಟ್ಟರೆ ಮೊದಲು ಅಮೋನಿಯಾ ಏರುತ್ತದೆ, ಕಿವಿರು ಸುಡುತ್ತದೆ. ಅದನ್ನು ದಾಟಿ ಉಳಿದ ಮೀನಿಗೆ ಎರಡನೆಯ ಗಂಡಾಂತರ ನೈಟ್ರೈಟ್. ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡುತ್ತದೆ. ಮನೆಯವರು ಅದನ್ನು ನೋಡಿ 'ಮೀನು ಮಾತಾಡುತ್ತಿದೆ' ಎಂದು ಮಕ್ಕಳಿಗೆ ತೋರಿಸುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇನ್ನು ಹೊಸ ಸಿಮೆಂಟಿನ ಮಾತು. ಹೊಸದಾಗಿ ಗಾರೆ ಮಾಡಿದ ಗೋಡೆಯಿಂದ ಸುಣ್ಣದಂಶ ನೀರಿಗೆ ಇಳಿದು ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆಯನ್ನು, ಏರಿಸುತ್ತದೆ. ಅಮೋನಿಯಾದಲ್ಲಿ ವಿಷದ ಪಾಲು ಎಷ್ಟು ಎಂಬುದನ್ನು ನಿರ್ಧರಿಸುವುದು ಪಿಎಚ್ ಮತ್ತು ಬಿಸಿ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಐದರಷ್ಟು. 9 ಮುಟ್ಟಿದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಅಂದರೆ ಹದ ಬಂದ ಕೊಳದಲ್ಲಿ ಮೀನು ತಡೆದುಕೊಳ್ಳಬಹುದಾದ ಅಮೋನಿಯಾವೇ ಹಸಿ ಸಿಮೆಂಟಿನ ಕೊಳದಲ್ಲಿ ಅದನ್ನು ಕೊಲ್ಲುತ್ತದೆ. ಕರಾವಳಿಯಲ್ಲಿ, ಕೇರಳದಲ್ಲಿ ಮೀನು ಸಾಕುವವರು ಹೊಸ ತೊಟ್ಟಿಗೆ ಬಾಳೆದಿಂಡು ಕಡಿದು ಹಾಕಿ, ಕೊಳೆಯಲು ಬಿಟ್ಟು, ಆ ನೀರು ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿ, ಆಮೇಲಷ್ಟೇ ಮೀನು ಬಿಡುತ್ತಾರೆ. ಪಿಎಚ್ ಎಂಬ ಹೆಸರನ್ನೇ ಕೇಳದವರೂ ಈ ಎಚ್ಚರವನ್ನು ಬಿಡಲಿಲ್ಲ. ಲಕ್ಷಗಟ್ಟಲೆ ಸುರಿದು ಕೊಳ ಮಾಡಿಸುವವರಿಗೆ ಸಿಮೆಂಟು ಹದವಾಗಲು ಕೆಲವು ವಾರ ಕಾಯುವ ವ್ಯವಧಾನ ಇಲ್ಲವೆಂದರೆ ಏನು ಹೇಳಬೇಕು? ಕಾಯಲು ಆಗದಿದ್ದರೆ ಸಿಮೆಂಟ್ ಬೇಡ, ಕೃಷಿಹೊಂಡಕ್ಕೆ ಹಾಸುವ ದಪ್ಪನೆಯ ಪಾಲಿಥೀನ್ ಹೊದಿಕೆ ಹಾಸಿ.

ನೀರಿನ ಮೂಲವೂ ಹಾಗೆಯೇ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಮ್ಮ ಆರೋಗ್ಯಕ್ಕೆ ಅದು ಬೇಕು. ಮೀನಿನ ಕಿವಿರಿಗೆ ಅದಕ್ಕಿಂತ ಕಡಿಮೆ ಕ್ಲೋರಿನ್ನೂ ಅಪಾಯ. ತೆರೆದ ತೊಟ್ಟಿಯಲ್ಲಿ ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ, ಇಲ್ಲವೇ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಅಳತೆ ನೋಡಿ ಹಾಕಿದರೆ ಕ್ಲೋರಿನ್ ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಆಳದಿಂದ ಬರುವ ಆ ನೀರಿನಲ್ಲಿ ಆಮ್ಲಜನಕವೂ ಅತಿ ಕಡಿಮೆ, ಇಂಗಾಲಾಮ್ಲ ಹೆಚ್ಚು. ಎತ್ತರದಿಂದ ಸುರಿದು ಗಾಳಿ ಆಡಿಸಿದ ಮೇಲೆ ಅದು ಮೀನಿಗೆ ಆದೀತು. ಆರ್‌ಒ ನೀರು ಅತಿ ಶುದ್ಧ ಎಂದು ಕೊಳಕ್ಕೆ ತುಂಬಿಸುವವರಿದ್ದಾರೆ. ಲವಣಗಳೆಲ್ಲ ಹೋದ ಆ ನೀರಿನಲ್ಲಿ ಮೀನು ತನ್ನ ದೇಹದ ಲವಣ ಕಾಪಾಡಿಕೊಳ್ಳಲು ಹೆಣಗಬೇಕು. ಮನುಷ್ಯನ ಶುದ್ಧಿಯ ಅಳತೆಗೋಲನ್ನು ಮೀನಿನ ಮೇಲೆ ಹೇರುವುದರ ಫಲ ಇದು.

ಈಗ ತೊಳೆಯುವವರ ಬಳಿಗೆ ಬರೋಣ. ನನ್ನ ದೊಡ್ಡ ಜಗಳ ಇವರೊಂದಿಗೆ. ಗೋಡೆಯ ಮೇಲೆ ಪಾಚಿ ಕಂಡ ಕೂಡಲೇ ಮಾಲಿಯನ್ನು ಕರೆಯುತ್ತಾರೆ. ಮೀನನ್ನೆಲ್ಲ ಬಕೆಟ್ಟಿಗೆ ಹಿಡಿದು ಹಾಕಿ, ಕೊಳವನ್ನು ಪೂರ್ತಿ ಖಾಲಿ ಮಾಡಿ, ಬ್ರಷ್ಷಿನಲ್ಲಿ ಉಜ್ಜಿ, ಕೆಲವರಂತೂ ಬ್ಲೀಚಿಂಗ್ ಪೌಡರನ್ನೂ ಹಾಕಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬಿಳಿ ಮಾಡಿ, ಹೊಸ ನೀರು ತುಂಬಿಸುತ್ತಾರೆ. ಕೊಳ ಫಳಫಳ ಹೊಳೆಯುತ್ತದೆ. ಆರು ವಾರ ತೆಗೆದುಕೊಂಡು ಕೂಡಿದ್ದ ಬ್ಯಾಕ್ಟೀರಿಯಾ ಬಳಗ ಒಂದು ಬೆಳಿಗ್ಗೆಯಲ್ಲಿ ಚರಂಡಿ ಸೇರಿತು. ಕೊಳ ಮತ್ತೆ ಮೊದಲ ದಿನಕ್ಕೆ ಮರಳಿತು, ಆದರೆ ಈ ಬಾರಿ ಮೀನಿನ ಹೊರೆ ಮೊದಲಿಗಿಂತ ಹೆಚ್ಚು, ಏಕೆಂದರೆ ಅವು ಅಷ್ಟರಲ್ಲಿ ಬೆಳೆದಿವೆ. ನಾಲ್ಕೈದು ದಿನದಲ್ಲಿ ಎರಡು ಮೀನು ಸಾಯುತ್ತವೆ. 'ಇಷ್ಟು ಕ್ಲೀನಾಗಿ ಇಟ್ಟರೂ ಸತ್ತವಲ್ಲ' ಎಂದು ಮರುಗುತ್ತಾರೆ, ತೊಳೆಯುವುದನ್ನು ತಿಂಗಳಿಗೆ ಎರಡು ಸಲ ಮಾಡುತ್ತಾರೆ. ಕೊಟ್ಟಿಗೆ ಉರಿಯುವಾಗ ಎಣ್ಣೆ ಸುರಿದ ಹಾಗೆ.

ಗೋಡೆಗೆ ಅಂಟಿದ ಆ ಹಸಿರು ಲೋಳೆಯನ್ನು ಕೊಳೆ ಎಂದು ಕರೆಯುವುದನ್ನು ಮೊದಲು ನಿಲ್ಲಿಸಬೇಕು. ಮೀನು ಅದನ್ನು ಮೇಯುತ್ತದೆ, ಬ್ಯಾಕ್ಟೀರಿಯಾ ಅದರಲ್ಲಿ ನೆಲೆ ನಿಲ್ಲುತ್ತದೆ, ಅದೂ ಅಮೋನಿಯಾವನ್ನು ಹೀರುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ಕೊಳದ್ದೇ ನೀರನ್ನು ಬಕೆಟ್ಟಿಗೆ ತುಂಬಿಸಿ ಅದರಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು. ತಳದಲ್ಲಿ ಕೂತ ಹಿಕ್ಕೆ, ಎಲೆಗಳನ್ನು ಪೈಪಿನಿಂದ ಎಳೆದು ತೆಗೆಯಿರಿ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ.

ಇಲ್ಲಿ ನೀರಿನ ಲೆಕ್ಕವನ್ನೂ ನೋಡಬೇಕು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಕೊಳದಲ್ಲಿ ಸುಮಾರು 5,000 ಲೀಟರ್ ನೀರು ಹಿಡಿಯುತ್ತದೆ. ತಿಂಗಳಿಗೆ ಎರಡು ಸಲ ಖಾಲಿ ಮಾಡಿದರೆ ವರ್ಷಕ್ಕೆ 1,20,000 ಲೀಟರ್. ವಾರಕ್ಕೆ ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ 26,000 ಲೀಟರ್ ಸಾಕು, ಅದೂ ವ್ಯರ್ಥವಲ್ಲ. ನೈಟ್ರೇಟ್ ತುಂಬಿದ ಆ ನೀರು ಗಿಡಗಳಿಗೆ ಗೊಬ್ಬರ, ನೇರ ಕರಿಬೇವಿನ ಬುಡಕ್ಕೆ, ಬಾಳೆಯ ಬುಡಕ್ಕೆ ಹೋಗಬಹುದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಬಾರದೆಂದು ನಿಷೇಧ ಹೇರಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಕೊಡ ಹಿಡಿದು ಜನ ಟ್ಯಾಂಕರಿಗೆ ಕಾದ ಊರಿನಲ್ಲಿ, ಮೀನನ್ನು ಕೊಲ್ಲುವುದಕ್ಕಾಗಿಯೇ ಲಕ್ಷ ಲೀಟರ್ ಚೆಲ್ಲುವ ಈ ಪದ್ಧತಿಯನ್ನು ಶುಚಿತ್ವ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹಾಗಾದರೆ ನೀರು ಹಸಿರು ಗಂಜಿಯಾದರೆ ಒಳ್ಳೆಯದೇ ಎಂದು ಕೇಳಬಹುದು. ಅಲ್ಲ. ನೀರಿನಲ್ಲಿ ತೇಲುವ ಪಾಚಿ ವಿಪರೀತವಾದರೆ ಹಗಲು ಪಿಎಚ್ ಏರುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಕುಡಿಯುತ್ತದೆ. ಮೀನು ಬೆಳಗಿನ ಜಾವ ಸಾಯುವುದು ಅದರಿಂದಲೇ. ಹಸಿರು ನೀರು ಅತಿ ಬಿಸಿಲಿನ, ಅತಿ ಆಹಾರದ, ಅತಿ ಮೀನಿನ ಸೂಚನೆ. ಅದಕ್ಕೆ ಮದ್ದು ಆ ಮೂರನ್ನೂ ತಗ್ಗಿಸುವುದು. ಅಂಗಡಿಯವರು ಮಾರುವುದು ಯುವಿ ದೀಪ. ಆ ದೀಪ ತೇಲುವ ಪಾಚಿಯನ್ನು ಕೊಂದು ನೀರನ್ನು ತಿಳಿಗೊಳಿಸುತ್ತದೆ ಎಂಬುದು ನಿಜ. ಅಮೋನಿಯಾವನ್ನು ಅದು ಒಂದು ಕಣವೂ ತೆಗೆಯುವುದಿಲ್ಲ. ಸತ್ತ ಪಾಚಿ ತಳಕ್ಕಿಳಿದು ಕೊಳೆತು ಅಮೋನಿಯಾವನ್ನು ಹೆಚ್ಚಿಸಿದರೂ ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ಕಣ್ಣನ್ನು ನಂಬಿ ಕೊಳ ನಡೆಸುವವರು ಮೋಸ ಹೋಗುವುದು ಇಲ್ಲೇ. ಅಮೋನಿಯಾ, ನೈಟ್ರೈಟ್, ಪಿಎಚ್ ಅಳೆಯುವ ಹನಿ ಪರೀಕ್ಷೆಯ ಕಿಟ್ಟು ಅಂಗಡಿಗಳಲ್ಲಿ ಸಿಗುತ್ತದೆ. ಮೀನು ಕೊಳ್ಳುವ ಮೊದಲು ಅದನ್ನು ಕೊಳ್ಳಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಕೊಳ ಸಿದ್ಧವಾಗಿಲ್ಲ, ನೀರು ಎಷ್ಟೇ ಚೆಂದ ಕಾಣಲಿ. ಮೀನಿಲ್ಲದೆಯೇ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಾ, ಪರಿಚಯದವರ ಹಳೆಯ, ರೋಗವಿಲ್ಲದ ಕೊಳದಿಂದ ಒಂದು ತುಂಡು ಸ್ಪಂಜನ್ನೋ ಒಂದು ಹಿಡಿ ಜಲ್ಲಿಯನ್ನೋ ತಂದು ಹಾಕಿದರೆ ಬ್ಯಾಕ್ಟೀರಿಯಾ ಬಳಗ ಬೇಗ ಕೂಡುತ್ತದೆ. ಆಮೇಲೆ ಎರಡು ಮೀನು. ಅವು ಚೆನ್ನಾಗಿದ್ದರೆ, ಎರಡು ವಾರ ಬಿಟ್ಟು, ಇನ್ನೆರಡು.

ಕಾರಂಜಿಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಸಂಜೆ ಅತಿಥಿಗಳು ಬಂದಾಗ ಕಾರಂಜಿ ಹಾಕುತ್ತಾರೆ, ಅವರು ಹೊರಟ ಮೇಲೆ ಆರಿಸಿ ಮಲಗುತ್ತಾರೆ. ಕೊಳಕ್ಕೆ ಗಾಳಿ ಅತಿ ಹೆಚ್ಚು ಬೇಕಾದದ್ದು ಎಲ್ಲರೂ ಮಲಗಿದ ಮೇಲೆ. ಕತ್ತಲಾದ ಮೇಲೆ ಗಿಡ, ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಆಮ್ಲಜನಕವನ್ನು ಬಳಸುವವೇ, ತಯಾರಿಸುವವರು ಯಾರೂ ಇಲ್ಲ. ನೀರು ಬಿಸಿಯಾದಷ್ಟೂ ಅದು ಹಿಡಿಯುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದಕ್ಕಿಂತಲೂ ಕಡಿಮೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಊರೆಲ್ಲ ಮರುಗಿತು. ಅಲ್ಲಿ ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದಿತ್ತು. ಮನೆಯ ಕೊಳದಲ್ಲಿ ನಡೆಯುವುದೂ ಅಂಥದ್ದೇ, ಸಾಯುವ ಸಂಖ್ಯೆ ಸಣ್ಣದಾದ್ದರಿಂದ ಪತ್ರಿಕೆಗೆ ಬರುವುದಿಲ್ಲ. 20 ವಾಟಿನ ಪಂಪು ದಿನವಿಡೀ ಓಡಿದರೆ ತಿಂಗಳಿಗೆ ಹದಿನಾಲ್ಕೋ ಹದಿನೈದೋ ಯೂನಿಟ್ಟು. ಆ ಖರ್ಚು ಕಷ್ಟವೆನ್ನುವವರು ಮೀನು ಸಾಕಬಾರದು. ಕರೆಂಟು ಹೋಗುವ ಊರಾದರೆ ಪಂಪಿನ ತಂತಿ ಇನ್ವರ್ಟರಿಗೆ ಸೇರಲಿ.

ಔಷಧದ ಗೀಳೂ ಆ ತೊಳೆಯುವ ಮನಸ್ಸಿನದೇ ಕೂಸು. ಮೀನು ಮಂಕಾದರೆ ಅಂಗಡಿಯಿಂದ ನೀಲಿ ದ್ರವ, ಹಸಿರು ದ್ರವ, ಹಳದಿ ಪುಡಿ ಬರುತ್ತದೆ. ಹಳದಿ ಪುಡಿ ಎಷ್ಟೋ ಸಲ ನಾವು ನುಂಗುವ ಜಾತಿಯದೇ ಆಂಟಿಬಯಾಟಿಕ್. ಅದು ರೋಗದ ಬ್ಯಾಕ್ಟೀರಿಯಾದ ಜೊತೆಗೆ ಕೊಳವನ್ನು ಕಾಯುವ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ. ಹಸಿರು ದ್ರವ ಮ್ಯಾಲಕೈಟ್ ಗ್ರೀನ್ ಆಗಿದ್ದರೆ ಕೈಗೆ ತಾಗುವುದೂ ಒಳ್ಳೆಯದಲ್ಲ. ತಿನ್ನುವ ಮೀನಿಗೆ ಅದನ್ನು ಬಳಸಬಾರದೆಂದು ಹಲವು ದೇಶಗಳು ನಿಷೇಧಿಸಿವೆ. ರೋಗ ಏನೆಂದು ತಿಳಿಯದೆ ಮದ್ದು ಸುರಿಯುವುದರಿಂದ ಇನ್ನೊಂದು ಅನರ್ಥವಿದೆ. ಬಿಳಿ ಚುಕ್ಕೆ ರೋಗವನ್ನೇ ತೆಗೆದುಕೊಳ್ಳಿ. ರವೆ ಚೆಲ್ಲಿದಂತೆ ಮೈಮೇಲೆ ಕಾಣುವ ಚುಕ್ಕೆಯೊಳಗೆ ಪರಾವಲಂಬಿ ಚರ್ಮದಡಿ ಅಡಗಿರುತ್ತದೆ, ಆಗ ಮದ್ದು ಅದನ್ನು ಮುಟ್ಟುವುದಿಲ್ಲ. ಅದು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಒಡೆದು, ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದಲೇ ಚುಕ್ಕೆ ಮಾಯವಾಯಿತೆಂದು ಮದ್ದನ್ನು ಒಂದೇ ಬಾರಿಗೆ ನಿಲ್ಲಿಸಿದವರ ಕೊಳದಲ್ಲಿ ವಾರ ಕಳೆದ ಮೇಲೆ ರೋಗ ಎರಡರಷ್ಟಾಗಿ ಮರಳುತ್ತದೆ. ಮೈಗೆ ಕಚ್ಚಿಕೊಂಡ ಮೀನುಹೇನು, ದಾರದ ಹಾಗೆ ನೇತಾಡುವ ಲಂಗರುಹುಳು ಬರಿಗಣ್ಣಿಗೆ ಕಾಣುತ್ತವೆ, ಅವುಗಳಿಗೆ ಮದ್ದು ಬೇರೆ.

ನನ್ನ ವಾದ ಇಷ್ಟೆ: ಮೀನು ಮಂಕಾದರೆ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ರೋಗಾಣುಗಳಲ್ಲಿ ಬಹುಪಾಲು ಕೊಳದಲ್ಲಿ ಯಾವಾಗಲೂ ಇರುವಂಥವೇ. ಕಿವಿರು ಸುಟ್ಟು, ಉಸಿರು ಕಟ್ಟಿ, ಮೈಯ ಲೋಳೆ ಹರಿದ ಮೀನಿಗೆ ಮಾತ್ರ ಅವು ಎರಗುತ್ತವೆ. ನೈಟ್ರೈಟ್ ಏರಿದ್ದರೆ ಸಾವಿರ ಲೀಟರಿಗೆ ಒಂದು ಕಿಲೋ ಕಲ್ಲುಪ್ಪು ಕರಗಿಸಿ ಹಾಕಿದರೆ ಅದರ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟನ್ನು ತಡೆಯುತ್ತದೆ. ಎಷ್ಟೋ ದುಬಾರಿ ಬಾಟಲಿಗಳಿಗಿಂತ ಅದು ಮೇಲು. ಮುಂದೆ ನೀರು ಬದಲಿಸುತ್ತಾ ಹೋದಂತೆ ಉಪ್ಪೂ ತಗ್ಗುತ್ತದೆ. ಹೊರಗಿಂದ ಬರುವ ರೋಗವನ್ನು ತಡೆಯಲು ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಬೆಂಗಳೂರಿನ ಅಂಗಡಿಗಳಿಗೆ ಬಹಳಷ್ಟು ಮೀನು ಬರುವುದು ಚೆನ್ನೈನ ಕೊಳತ್ತೂರಿನ ಕಡೆಯಿಂದ. ಚೀಲದಲ್ಲಿ ರಾತ್ರಿಯಿಡೀ ಕುಲುಕಾಡಿ, ಅಂಗಡಿಯ ಇಕ್ಕಟ್ಟಿನ ತೊಟ್ಟಿಯಲ್ಲಿ ಬೇರೆ ಬೇರೆ ಕಡೆಯ ಮೀನುಗಳೊಂದಿಗೆ ಬೆರೆತ ಜೀವಿ ಅದು. ನೇರ ಕೊಳಕ್ಕೆ ಸುರಿಯುವುದು ಆ ಮೀನಿಗೂ, ಮೊದಲೇ ಅಲ್ಲಿದ್ದ ಮೀನಿಗೂ ಅನ್ಯಾಯ.

ಆಹಾರದ ಬಗ್ಗೆ ಎರಡು ಮಾತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮಂಡಕ್ಕಿ ಎಸೆದರೆ ಮೀನುಗಳು ಮುತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನೇ ಮನೆಯಲ್ಲಿ ಮಾಡುತ್ತೇವೆ. ಅಲ್ಲಿ ಹೊಳೆ ಹರಿಯುತ್ತದೆ, ಉಳಿದದ್ದು ಕೊಚ್ಚಿಹೋಗುತ್ತದೆ. ನಿಂತ 5,000 ಲೀಟರಿನಲ್ಲಿ ಉಳಿದದ್ದು ಅಲ್ಲೇ ಕೊಳೆಯುತ್ತದೆ. ಗೆಂಡೆ ಜಾತಿಯ ಮೀನಿಗೆ, ಕೊಯಿ ಮತ್ತು ಗೋಲ್ಡ್‌ಫಿಶ್ ಎರಡೂ ಆ ಜಾತಿಯವೇ, ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಂದೇ ಸಲ ಬಹಳ ಹಾಕುವ ಬದಲು ಎರಡು ಮೂರು ನಿಮಿಷದಲ್ಲಿ ಮುಗಿಸುವಷ್ಟು ಹಾಕಬೇಕು. ಮನೆಯವರು ನಾಲ್ಕು ದಿನ ಊರಿಗೆ ಹೋದರೆ ಮೀನು ಉಪವಾಸ ಇದ್ದು ಚೆನ್ನಾಗಿಯೇ ಇರುತ್ತದೆ. ಪಕ್ಕದ ಮನೆಯ ಮಗುವಿಗೆ ಆಹಾರದ ಡಬ್ಬಿ ಕೊಟ್ಟು ಹೋದವರ ಕೊಳದಲ್ಲೇ ಅನಾಹುತ.

ಸೊಳ್ಳೆಯ ಭಯ ತೋರಿಸಿ ತೊಳೆಯುವುದನ್ನು ಸಮರ್ಥಿಸುವವರಿಗೂ ಉತ್ತರ ಕೊಡಬೇಕು. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ತಿಳಿಯಾದ, ನಿಂತ ನೀರಿನಲ್ಲಿ, ಡ್ರಮ್ಮು, ಹೂಕುಂಡದ ತಟ್ಟೆ, ಟೈರುಗಳಲ್ಲಿ. ಹಾಗಾಗಿ ತಿಳಿನೀರು ಸೊಳ್ಳೆಯಿಂದ ಕಾಪಾಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕಾಪಾಡುವುದು ಮರಿಹುಳು ತಿನ್ನುವ ಜೀವಿಗಳು: ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ನೀರಿನ ಜೀರುಂಡೆ. ಉಜ್ಜಿ ತೊಳೆದ ಕೊಳದಲ್ಲಿ ಇವು ಯಾವುವೂ ಉಳಿಯುವುದಿಲ್ಲ.

ಇನ್ನು ಕೇಡು ಹೊತ್ತೊಯ್ಯುವ ಮೀನಿನ ಕಥೆ. ವಾಸ್ತುವಿನ ಹೆಸರಿನಲ್ಲಿ, ಈಚೆಗೆ ಚೀನಾದ ಫೆಂಗ್‌ಶುಯಿಯ ಹೆಸರಿನಲ್ಲಿ, ಎಂಟು ಕೆಂಪು ಮೀನಿಗೆ ಒಂದು ಕಪ್ಪು ಮೀನು ಇರಬೇಕು, ಅದು ಸತ್ತರೆ ದೃಷ್ಟಿ ಕಳೆಯಿತು ಎಂದು ಹೇಳಿಕೊಡುತ್ತಾರೆ. ಕೊಳ ಈಶಾನ್ಯದಲ್ಲಿ ಇರಲಿ ಎಂಬುದಕ್ಕೆ ನನ್ನ ತಕರಾರಿಲ್ಲ. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ಮನೆಯ ನೆರಳು ಬೀಳುವ ಮೂಲೆಯಾದರೆ ಮೀನಿಗೆ ಅದು ಒಳ್ಳೆಯದೇ. ಮೇಲೆ ಎಲೆ ಉದುರಿಸುವ ಮರ ಇರದಿದ್ದರೆ ಆಯಿತು. ನನ್ನ ಸಿಟ್ಟು ಸಾವನ್ನು ಶುಭವೆಂದು ಬಣ್ಣಿಸುವ ಮಾತಿನ ಮೇಲೆ. ಈ ಒಂದು ಮಾತು ಕಾರಣ ಹುಡುಕುವ ಬಾಗಿಲನ್ನೇ ಮುಚ್ಚುತ್ತದೆ. ಸತ್ತ ಮೀನನ್ನು ಗಿಡದ ಬುಡಕ್ಕೆ ಹೂತು, ಅದೇ ವಿಷದ ನೀರಿಗೆ ಮರುದಿನ ಹೊಸ ಮೀನು ತಂದು ಬಿಡುತ್ತಾರೆ. ಅಂಗಡಿಗೆ ಲಾಭ, ಮನೆಯವರಿಗೆ ಸಮಾಧಾನ, ಮೀನಿಗೆ ಉಸಿರುಕಟ್ಟಿ ಸಾಯುವ ಸರದಿ. 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ನಮ್ಮದೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳನ್ನೂ ಪ್ರಾಣಿ ಎಂದೇ ಎಣಿಸುತ್ತದೆ. ನಾಯಿ ಸತ್ತರೆ ಏಕೆ ಸತ್ತಿತೆಂದು ಕೇಳುವ ನಾವು ಮೀನು ಸತ್ತಾಗ ದೃಷ್ಟಿಯ ಮಾತಾಡುವುದು ಸರಿಯಲ್ಲ.

ಎಷ್ಟು ಮೀನು, ಯಾವ ಮೀನು ಎಂಬುದರಲ್ಲೂ ನಮ್ಮದು ಕಣ್ಣಿನ ಆಸೆ. ಅಂಗಡಿಯಲ್ಲಿ ಬೆರಳುದ್ದ ಇರುವ ಕೊಯಿ ಚೆನ್ನಾಗಿ ಬೆಳೆದರೆ ಎರಡು ಅಡಿ ದಾಟುತ್ತದೆ, ದಶಕಗಳ ಕಾಲ ಬದುಕುತ್ತದೆ. ಜಪಾನಿನ ನಿಗಾಟಾ ಸೀಮೆಯ ಭತ್ತದ ರೈತರು ತಾವು ಸಾಕುತ್ತಿದ್ದ ಗೆಂಡೆಗಳಲ್ಲಿ ಬಣ್ಣದವನ್ನು ಆರಿಸಿ ಬೆಳೆಸಿದ ತಳಿ ಅದು, ಒಂದೊಂದಕ್ಕೂ ಸಾವಿರ ಲೀಟರ್ ಬೇಕು. 5,000 ಲೀಟರಿನ ಕೊಳಕ್ಕೆ ನಾಲ್ಕೈದೇ ಹೆಚ್ಚು. ಮೂರು ಅಡಿ ಆಳವಿಲ್ಲದ ಕೊಳಕ್ಕೆ ಕೊಯಿ ಬೇಡವೇ ಬೇಡ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಆಳವೂ ಸಾಲದು, ಮೇಲೆ ನೆರಳುಬಲೆ ಕಟ್ಟಬೇಕು. ಸಣ್ಣ ಕೊಳಕ್ಕೆ ನಮ್ಮದೇ ಹಳ್ಳ ಕೆರೆಗಳ ಸಣ್ಣ ಮೀನುಗಳು ಬಣ್ಣದಲ್ಲೂ ಚುರುಕಿನಲ್ಲೂ ಕಡಿಮೆಯಿಲ್ಲ. ಅವುಗಳನ್ನು ಸಾಕಿ ಮರಿ ಮಾಡಿದವರಿಂದ ತನ್ನಿ. ಪಶ್ಚಿಮ ಘಟ್ಟದ ಹೊಳೆಗಳಿಂದ ಹಿಡಿದು ಮಾರುವ ಕೆಂಪುಗೀರಿನ ಡೆನಿಸನ್ ಬಾರ್ಬ್ ಬೇಡ, ಅದು ಅಳಿವಿನಂಚಿನ ಮೀನು. ಕೊಳದ ಮೂರರಲ್ಲಿ ಒಂದು ಭಾಗವಾದರೂ ಗಿಡಗಳಿಗೆ ಬಿಡಿ. ನೈದಿಲೆಯ ಎಲೆ ನೆರಳು ಕೊಡುತ್ತದೆ. ಅಂಚಿನಲ್ಲಿ ಕೆಸು, ಬಜೆ, ಕಾಬಾಳೆ ನೆಟ್ಟರೆ ಅವುಗಳ ಬೇರು ನೈಟ್ರೇಟನ್ನು ಹೀರುತ್ತದೆ. ಇವು ಯಾವ ಅಂಗಡಿಯಲ್ಲೂ ಕೊಳ್ಳಬೇಕಾದವಲ್ಲ, ಯಾರ ಹಿತ್ತಿಲಲ್ಲಾದರೂ ಸಿಗುತ್ತವೆ.

ಕೊನೆಗೆ, ಸಾಕಲು ಆಗದವರು ಮಾಡುವ ಕೆಲಸ. ಕೊಳ ಬೇಸರವಾದಾಗ, ಮೀನು ದೊಡ್ಡದಾದಾಗ, ಪುಣ್ಯ ಬರಲಿ ಎಂದು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಹೊರಗಿನ ಮೀನು ನಮ್ಮ ನೀರಿಗೆ ಸೇರಿದರೆ ಏನಾಗುತ್ತದೆಂದು ನೋಡಿ. ಸೊಳ್ಳೆ ತಿನ್ನಲೆಂದು 1928ರಲ್ಲಿ ಈ ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು ಇಂದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ಸ್ಥಳೀಯ ಮೀನಿನ ಮೊಟ್ಟೆ, ಮರಿಗಳನ್ನೂ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ನಮ್ಮ ಕೆರೆಗಳನ್ನು ಸೇರಿ ಮೀನುಗಾರರ ಬಲೆ ಹರಿಯುತ್ತಿದೆ. ಕೊಯಿಯೂ ತಳ ಕೆದಕಿ ನೀರು ಕದಡಿ ಜಲಸಸ್ಯ ಕೀಳುವ ಮೀನೇ. ಕೆರೆಗೆ ಬಿಡುವುದರಲ್ಲಿ ಪುಣ್ಯವಿಲ್ಲ. ಅಂಗಡಿಗೆ ಮರಳಿ ಕೊಡಿ, ಕೊಳ ಇರುವ ಪರಿಚಯದವರಿಗೆ ಕೊಡಿ, ಅದೂ ಆಗದಿದ್ದರೆ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೆರೆಗೆ ಮಾತ್ರ ಬಿಡಬೇಡಿ.